ಕೇಳುವವರಿಲ್ಲದ ಮುಪ್ಪು

“ಫಾದರ್, ಅಂಥವರು ನಮ್ಮಲ್ಲಿ ಯಾರೂ ಇಲ್ಲ.”

ವೃದ್ಧರ ಆರೈಕೆಯ ಬಗ್ಗೆ ಕರೆದಿದ್ದ ಸಭೆಯೊಂದರಲ್ಲಿ ಹಿರಿಯ ವಿಶ್ವಾಸಿಯೊಬ್ಬರು ಆಡಿದ ಮಾತಿದು. ವಯಸ್ಸಾದ ಮಂಗಳಮುಖಿಯರನ್ನೂ ಮದುವೆಯಿಲ್ಲದೆ, ಮನೆಯವರ ಸಂಪರ್ಕವಿಲ್ಲದೆ ಮುದುಕರಾಗಿರುವ ಸಲಿಂಗಪ್ರೇಮಿಗಳನ್ನೂ ನಮ್ಮ ಸೇವಾಕಾರ್ಯದ ಪಟ್ಟಿಯಲ್ಲಿ ಸೇರಿಸಬೇಕೆಂದು ನಾನು ಸೂಚಿಸಿದ್ದೆ. ಸಭೆ ಒಂದು ಕ್ಷಣ ಮೌನವಾಯಿತು. ಆಮೇಲೆ ಈ ಮಾತು ಬಂತು. ಅನೇಕರು ತಲೆಯಾಡಿಸಿದರು, ವಿಷಯ ಅಲ್ಲಿಗೇ ಮುಗಿಯಿತು. ನನ್ನ ಪಾಲಿಗೆ ಮಾತ್ರ ಅದು ಮುಗಿಯಲಿಲ್ಲ. ಏಕೆಂದರೆ ‘ಅಂಥವರು’ ಇದ್ದಾರೆಂಬುದು ನನಗೆ ಗೊತ್ತಿತ್ತು. ಅವರಲ್ಲಿ ಒಬ್ಬರನ್ನು ಬಾಗಿಲಿನಿಂದ ಹಿಂದಕ್ಕೆ ಕಳುಹಿಸಿದವನೇ ನಾನು.

ವರ್ಷಗಳ ಹಿಂದಿನ ಮಾತು. ಧರ್ಮಭಗಿನಿಯರು ನಡೆಸುತ್ತಿದ್ದ ಒಂದು ವೃದ್ಧಾಶ್ರಮದ ಆಧ್ಯಾತ್ಮಿಕ ಹೊಣೆ ಆಗ ನನ್ನದಾಗಿತ್ತು. ಒಂದು ಮಧ್ಯಾಹ್ನ ಸುಮಾರು ಎಪ್ಪತ್ತರ ವಯಸ್ಸಿನ ಮಂಗಳಮುಖಿಯೊಬ್ಬರು ಬಂದರು. ಮೈಲೂರಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದರಂತೆ. ಜೊತೆಗಿದ್ದ ಚೇಲಾಗಳಲ್ಲಿ ಒಬ್ಬಾಕೆ ತೀರಿಕೊಂಡಿದ್ದಳು, ಉಳಿದವರು ದುಡಿಮೆ ಹುಡುಕಿ ಹೈದರಾಬಾದಿಗೂ ಪುಣೆಗೂ ಹೋಗಿದ್ದರು. ಮೊಣಕಾಲು ಮಡಚಲಾಗದು, ಮೂತ್ರದ ತೊಂದರೆ, ಬಾಡಿಗೆಗೆ ಹಣವಿಲ್ಲ. ನಮ್ಮ ಅರ್ಜಿ ನಮೂನೆಯಲ್ಲಿ ಎರಡು ಕಾಲಂಗಳಿದ್ದವು: ಗಂಡು ಅಥವಾ ಹೆಣ್ಣು ಎಂಬುದೊಂದು, ಜವಾಬ್ದಾರಿ ಹೊರುವ ಮಗ ಅಥವಾ ಸಂಬಂಧಿಕರ ಸಹಿ ಎಂಬುದು ಇನ್ನೊಂದು. ಆಕೆ ಎರಡನ್ನೂ ತುಂಬಲಾರದೆ ನಿಂತರು. ನಾನು ನಮೂನೆಯನ್ನು ಹಿಂದಕ್ಕೆ ತೆಗೆದುಕೊಂಡು, ನಮ್ಮಲ್ಲಿ ಸೌಕರ್ಯವಿಲ್ಲವೆಂದೆ. ಆಕೆ ಕೇಳಿದ್ದು ಇಷ್ಟೇ: “ಹೆಣ್ಮಕ್ಕಳ ಖೋಲಿದಾಗೂ ಬ್ಯಾಡ, ಗಂಡಸರ ಖೋಲಿದಾಗೂ ಬ್ಯಾಡ ಅಂದ್ರ ನಾ ಎಲ್ಲಿ ಮಕ್ಕೋಬೇಕ್ರಿ ಫಾದರ್?” ಐದು ಕಿಲೋ ಅಕ್ಕಿಯನ್ನೂ ಭಾಲ್ಕಿಯವರೆಗಿನ ಬಸ್ಸಿನ ಖರ್ಚನ್ನೂ ಕೊಟ್ಟು ಕಳುಹಿಸಿದೆ. ಆ ಸಂಜೆ ಬಲಿಪೂಜೆಯಲ್ಲಿ ಸದಯ ಸಮಾರಿಯನ ಮೇಲೆ ಪ್ರಬೋಧನೆ ಮಾಡಿದೆನೆಂದು ಬರೆದರೆ ಕಥೆ ಕಟ್ಟಿದಂತಾದೀತು. ಹಾಗೇನೂ ಆಗಲಿಲ್ಲ. ಊಟ ಮಾಡಿ ಮಲಗಿದೆ. ನಿದ್ದೆಯೂ ಚೆನ್ನಾಗಿಯೇ ಬಂತು. ಇಂದು ನನ್ನನ್ನು ಕಾಡುವುದು ಆ ನಿದ್ದೆಯೇ.

‘ಇವೆಲ್ಲ ಪಾಶ್ಚಾತ್ಯರಿಂದ ಬಂದ ರೋಗ’ ಎನ್ನುವವರಿದ್ದಾರೆ. ಅವರು ನಮ್ಮ ನೆಲದ ಚರಿತ್ರೆಯನ್ನು ಒಮ್ಮೆ ನೋಡಲಿ. 1956ರಲ್ಲಿ ವಿಶಾಲ ಮೈಸೂರನ್ನು ಸೇರುವವರೆಗೆ ಬೀದರ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಅದೇ ಹೈದರಾಬಾದಿನಲ್ಲಿ, ನಿಜಾಮರ ಕಾಲದ ಫಸಲಿ 1329ರಲ್ಲಿ, ಅಂದರೆ ಕ್ರಿ.ಶ. 1919ರಲ್ಲಿ, ‘ನಪುಂಸಕರ ಕಾಯಿದೆ’ ಎಂಬುದೊಂದು ಬಂತು. ಹೈದರಾಬಾದ್ ನಗರದಲ್ಲಿಯೂ ಸರ್ಕಾರ ವಿಸ್ತರಿಸುವ ಇತರ ಸ್ಥಳಗಳಲ್ಲಿಯೂ ಇವರ ಹೆಸರು ವಿಳಾಸಗಳನ್ನು ದಫ್ತರದಲ್ಲಿ ಬರೆದಿಡಬೇಕು. ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ ವಾರಂಟ್ ಇಲ್ಲದೆ ಹಿಡಿಯಬಹುದು. ಇಲ್ಲದ ಜನರ ಹೆಸರನ್ನು ದಫ್ತರದಲ್ಲಿ ಬರೆಯಲು ಯಾವ ಸರ್ಕಾರವೂ ಗುಮಾಸ್ತರನ್ನು ನೇಮಿಸುವುದಿಲ್ಲ. ತೆಲಂಗಾಣ ಹೈಕೋರ್ಟು ಆ ಕಾಯಿದೆಯನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿದ್ದು 2023ರ ಜುಲೈನಲ್ಲಿ. ನಾವು ಕರ್ನಾಟಕದವರು ಮೇಲೆಂದು ಬೀಗಬೇಕಾಗಿಲ್ಲ. ನಮ್ಮ ಪೊಲೀಸ್ ಕಾಯಿದೆಗೆ ಇಂಥದೇ 36ಎ ಕಲಮನ್ನು ಸೇರಿಸಿದ್ದು 2011ರಲ್ಲಿ. ಲಿಂಗತ್ವ ಅಲ್ಪಸಂಖ್ಯಾತರ ಹೋರಾಟದ ನಂತರವೇ ಅದರಿಂದ ಆ ಪದವನ್ನು ಕಿತ್ತುಹಾಕಿದ್ದು.

ಇಂದು ಎಪ್ಪತ್ತು ದಾಟಿರುವ ಒಬ್ಬರ ಬದುಕನ್ನು ಈ ದಿನಾಂಕಗಳ ಪಕ್ಕದಲ್ಲಿಟ್ಟು ನೋಡಬೇಕು. ಸುಪ್ರೀಂ ಕೋರ್ಟು ತೃತೀಯ ಲಿಂಗಿಗಳ ಗುರುತನ್ನು ಮಾನ್ಯ ಮಾಡಿದ್ದು 2014ರ ಏಪ್ರಿಲ್ 15ರಂದು. ಆಗ ಅವರಿಗೆ ಅರವತ್ತರ ಹತ್ತಿರ. ಸಲಿಂಗ ಸಂಬಂಧ ಅಪರಾಧವಲ್ಲವೆಂಬ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 6ರಂದು. ಹರೆಯ, ದುಡಿಮೆಯ ವಯಸ್ಸು, ಸಂಗಾತಿಯೊಡನೆ ಮನೆ ಕಟ್ಟಬಹುದಾಗಿದ್ದ ವಯಸ್ಸು, ಎಲ್ಲವೂ ಕಾನೂನಿನ ಕಣ್ಣಿನಲ್ಲಿ ಅಪರಾಧಿಯಾಗಿಯೇ ಕಳೆದುಹೋಯಿತು. ಶಾಲೆ ಬಿಡಿಸಿದವರು, ಮನೆಯಿಂದ ಹೊರಗಟ್ಟಿದವರು, ಬಲವಂತದಿಂದ ಮದುವೆ ಮಾಡಿಸಿದವರು ನಾವೇ. ಕೂಡಿಟ್ಟ ಹಣವಿಲ್ಲ, ನಿವೃತ್ತಿ ವೇತನವಿಲ್ಲ, ಮಕ್ಕಳಿಲ್ಲ ಎಂದರೆ ‘ಮೊದಲೇ ಯೋಚಿಸಬೇಕಿತ್ತು’ ಎನ್ನುವವರೂ ನಾವೇ.

ಮುಪ್ಪಿನ ಕಾಯಿಲೆಗಳು ಎಲ್ಲರಿಗೂ ಬರುತ್ತವೆ, ನಿಜ. ಆದರೆ ಇವರ ದೇಹ ಹೊತ್ತು ತಂದಿರುವ ಹೊರೆ ಬೇರೆ. ಹಳೆಯ ಕಾಲದಲ್ಲಿ ವೈದ್ಯರಿಲ್ಲದೆ, ಅರಿವಳಿಕೆಯಿಲ್ಲದೆ ನಡೆದ ಅಂಗಚ್ಛೇದನದಿಂದ ಮೂತ್ರನಾಳ ಕಿರಿದಾಗಿ ಮುದಿವಯಸ್ಸಿನಲ್ಲಿ ಪದೇ ಪದೇ ಸೋಂಕು ತಗಲುತ್ತದೆ. ದೇಹದಲ್ಲಿ ಹಾರ್ಮೋನು ಇಲ್ಲದೆ ದಶಕಗಳು ಕಳೆದರೆ ಎಲುಬು ಟೊಳ್ಳಾಗುತ್ತದೆ. ಒಮ್ಮೆ ಬಚ್ಚಲಲ್ಲಿ ಜಾರಿಬಿದ್ದರೆ ಮತ್ತೆ ಏಳುವಂತಿಲ್ಲ. 2004ರಿಂದ ಸರ್ಕಾರ ಎಚ್‌ಐವಿ ಬಾಧಿತರಿಗೆ ಉಚಿತ ಎಆರ್‌ಟಿ ಔಷಧ ಕೊಡುತ್ತಿರುವುದರಿಂದ, ನಲವತ್ತಕ್ಕೇ ಸಾಯುತ್ತೇವೆಂದುಕೊಂಡಿದ್ದವರು ಇಂದು ಅರವತ್ತು ದಾಟಿ, ಆ ಮಾತ್ರೆಗಳ ಜೊತೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನೂ ನುಂಗುತ್ತಿದ್ದಾರೆ. ಇದು ಸಂತೋಷದ ಸುದ್ದಿಯೇ. ಆದರೆ ಮಾತ್ರೆ ತಂದುಕೊಡುವವರು ಯಾರು? ಆಸ್ಪತ್ರೆಯಲ್ಲಿ ಗಂಡಸರ ವಾರ್ಡಿಗೋ ಹೆಂಗಸರ ವಾರ್ಡಿಗೋ ಎಂಬ ಚರ್ಚೆ ನಡೆಯುವಾಗ ರೋಗಿ ಮಲಗಿರುವುದು ವರಾಂಡದ ಸ್ಟ್ರೆಚರಿನ ಮೇಲೆ. ಒಮ್ಮೆ ಹಾಗೆ ಮಲಗಿದವರು ಮತ್ತೊಮ್ಮೆ ಆಸ್ಪತ್ರೆಗೆ ಹೋಗಲು ಒಪ್ಪುವುದಿಲ್ಲ. ನೋವನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ.

ಸಲಿಂಗಪ್ರೇಮಿಗಳ ಪಾಡು ಇನ್ನೂ ಮರೆಯಲ್ಲಿದೆ. ಮಂಗಳಮುಖಿಯರಿಗೆ ಗುರು-ಚೇಲಾ ಎಂಬ ತಮ್ಮದೇ ಮನೆತನವಾದರೂ ಇದೆ. ಕಾಯಿಲೆಬಿದ್ದ ಗುರುವನ್ನು ತಾಯಿಯಂತೆ ನೋಡಿಕೊಂಡ ಚೇಲಾಗಳನ್ನು ನಾನು ಕಂಡಿದ್ದೇನೆ. ಆದರೆ ಊರಿನಲ್ಲಿ ‘ಮದುವೆ ಒಲ್ಲೆ ಅಂದಾವ’ ಎಂದಷ್ಟೇ ಹೆಸರಾಗಿ, ಅಣ್ಣನ ಮನೆಯ ಮೂಲೆಯ ಕೋಣೆಯಲ್ಲಿ ಮುದುಕನಾದವನಿಗೆ ಯಾರಿದ್ದಾರೆ? ಮೂವತ್ತು ವರ್ಷ ಜೊತೆಗಿದ್ದ ಗೆಳೆಯ ಸತ್ತಾಗ ಗಟ್ಟಿಯಾಗಿ ಅಳುವ ಹಕ್ಕೂ ಅವನಿಗಿರುವುದಿಲ್ಲ.

ಕಾನೂನು ನೆರವಾಗದೇ ಎಂದು ಕೇಳಬಹುದು. ಪಾಲಕರ ಮತ್ತು ಹಿರಿಯ ನಾಗರಿಕರ ಪಾಲನೆಯ 2007ರ ಕಾಯಿದೆ ಮಕ್ಕಳ ಮೇಲೆ ಹೊಣೆ ಹೊರಿಸುತ್ತದೆ. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ವಾರಸುದಾರರಾದ ಸಂಬಂಧಿಯಿಂದ ಪಾಲನೆ ಕೇಳಬಹುದು. ಆಸ್ತಿಯೂ ಇಲ್ಲ, ಸಂಬಂಧವನ್ನೂ ಕಡಿದುಹಾಕಿದ್ದಾರೆ ಎಂದಾದರೆ ಆ ಕಾಯಿದೆ ಮೂಕವಾಗುತ್ತದೆ. ಜಿಲ್ಲೆಗೊಂದರಂತೆ 150 ನಿರ್ಗತಿಕ ಹಿರಿಯರಿಗೆ ಸರ್ಕಾರ ವೃದ್ಧಾಶ್ರಮ ಸ್ಥಾಪಿಸಬಹುದು ಎಂದೂ ಅದರಲ್ಲಿದೆ. ಗಮನಿಸಿ, ‘ಸ್ಥಾಪಿಸಬಹುದು’. ರಾಜ್ಯ ಸರ್ಕಾರದ ‘ಮೈತ್ರಿ’ ಮಾಸಾಶನವಿದೆ, 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯ 1200 ರೂಪಾಯಿ ಇದೆ. ಆದರೆ ಹದಿನೈದನೆಯ ವಯಸ್ಸಿನಲ್ಲಿ ಮನೆ ಬಿಟ್ಟವರ ಬಳಿ ವಯಸ್ಸಿನ ದಾಖಲೆ ಇರುವುದಿಲ್ಲ. ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಔರಾದಿನ ತಹಸೀಲ್ದಾರ ಕಚೇರಿಗೆ ಕುಂಟುತ್ತ ಹೋಗಿ ಸರದಿಯಲ್ಲಿ ನಿಲ್ಲುವವರ ಜೊತೆ ನಮ್ಮ ಯುವಕರಲ್ಲೊಬ್ಬರು ಹೋದರೆ ಸಾಕು, ಕೆಲಸ ಅರ್ಧ ಆದಂತೆ. ಇದಕ್ಕೆ ಯಾವ ದೈವಶಾಸ್ತ್ರವೂ ಬೇಡ.

ಆದರೂ ದೈವಶಾಸ್ತ್ರದ ಹೆಸರಿನಲ್ಲೇ ಬಾಗಿಲು ಮುಚ್ಚಲಾಗುತ್ತಿದೆ. ‘ಅವರನ್ನು ಸೇರಿಸಿಕೊಂಡರೆ ಅವರ ಬದುಕನ್ನು ಒಪ್ಪಿದಂತಾಗುತ್ತದೆ’ ಎಂದು ನನ್ನ ಸಹೋದರ ಗುರುಗಳೇ ಹೇಳುತ್ತಾರೆ. ವಿವಾಹದ ಕುರಿತು ಧರ್ಮಸಭೆಯ ಬೋಧನೆ ಏನೆಂಬುದು ನನಗೆ ಗೊತ್ತು. ಗುರುಮಠದಲ್ಲಿ ಕಲಿತದ್ದನ್ನು ನಾನು ಕೈಬಿಟ್ಟಿಲ್ಲ. ಆದರೆ ಇಲ್ಲಿ ಯಾರೂ ನಮ್ಮಿಂದ ವಿವಾಹ ಸಂಸ್ಕಾರವನ್ನು ಕೇಳುತ್ತಿಲ್ಲ. ಕೇಳುತ್ತಿರುವುದು ಒಂದು ಮಂಚ, ಒಂದು ತಟ್ಟೆ ಅನ್ನ, ರಾತ್ರಿ ಕೆಮ್ಮು ಬಂದರೆ ನೀರು ಕೊಡುವ ಒಂದು ಕೈ. ಕುಡಿದು ಯಕೃತ್ತು ಕೆಡಿಸಿಕೊಂಡ ವೃದ್ಧನನ್ನು ಸೇರಿಸಿಕೊಳ್ಳುವಾಗ ನಾವು ಕುಡಿತವನ್ನು ಒಪ್ಪಿದೆವೇ? ಹೆಂಡತಿಯನ್ನು ಹೊಡೆದು ಓಡಿಸಿದವನು ಪಾರ್ಶ್ವವಾಯು ಬಡಿದು ಬಂದಾಗ ಚರಿತ್ರೆ ವಿಚಾರಿಸಿದೆವೇ? ಇವರೊಬ್ಬರ ವಿಷಯದಲ್ಲಿ ಮಾತ್ರ ನಾವು ಅಷ್ಟೊಂದು ಸೂಕ್ಷ್ಮಮತಿಗಳಾಗುವುದು ಏಕೆ? ಇವರನ್ನು ಗೌರವ, ಅನುಕಂಪ, ಸೂಕ್ಷ್ಮತೆಗಳಿಂದ ಸ್ವೀಕರಿಸಬೇಕು, ಅನ್ಯಾಯದ ತಾರತಮ್ಯದ ಯಾವ ಸುಳಿವೂ ಇರಬಾರದು ಎಂಬ ಅರ್ಥದ ಮಾತು ಧರ್ಮಸಭೆಯ ಧರ್ಮೋಪದೇಶದ 2358ನೇ ಪರಿಚ್ಛೇದದಲ್ಲಿದೆ. ಹಿಂದಿನ ಮುಂದಿನ ಪರಿಚ್ಛೇದಗಳನ್ನು ಬಾಯಿಪಾಠವಾಗಿ ಒಪ್ಪಿಸುವವರು ಇದೊಂದನ್ನು ಮಾತ್ರ ಹಾರಿಸಿಬಿಡುತ್ತಾರೆ.

ಧರ್ಮಗ್ರಂಥವೂ ಇವರನ್ನು ಮರೆತಿಲ್ಲ. ಮಕ್ಕಳಿಲ್ಲದ ಕಂಚುಕಿ ತನ್ನನ್ನು ಒಣಗಿದ ಮರವೆಂದು ಹಳಿದುಕೊಳ್ಳಬಾರದೆಂದು, ಅಂಥವನಿಗೆ ಗಂಡು ಹೆಣ್ಣು ಮಕ್ಕಳಿಗಿಂತ ಮಿಗಿಲಾದ ಹೆಸರನ್ನು ತನ್ನ ಆಲಯದಲ್ಲೇ ಕೊಡುವೆನೆಂದು ದೇವರು ಯೆಶಾಯನ 56ನೇ ಅಧ್ಯಾಯದಲ್ಲಿ ನುಡಿಯುತ್ತಾರೆ. ಫಿಲಿಪ್ಪನು ಗಾಜಾದ ದಾರಿಯಲ್ಲಿ ಕಂಚುಕಿಯ ರಥವನ್ನೇರಿ ಕುಳಿತದ್ದು, ಆತನಿಗೆ ಸ್ನಾನದೀಕ್ಷೆ ಕೊಟ್ಟದ್ದು ಪ್ರೇಷಿತರ ಕಾರ್ಯಕಲಾಪಗಳಲ್ಲಿದೆ. ನಮೂನೆ ತುಂಬಿಸಿದನೆಂದು ಎಲ್ಲಿಯೂ ಇಲ್ಲ.

2020ರ ಲಾಕ್‌ಡೌನಿನಲ್ಲಿ ರೋಮ್ ಸಮೀಪದ ತೊರ್ವಾಯಾನಿಕಾ ಎಂಬ ಊರಿನಲ್ಲಿ ಹಸಿದ ತೃತೀಯ ಲಿಂಗಿಗಳು ಧರ್ಮಕೇಂದ್ರದ ಬಾಗಿಲು ತಟ್ಟಿದರು. ಅಲ್ಲಿನ ಗುರು ಬಾಗಿಲು ತೆರೆದರು, ವ್ಯಾಟಿಕನ್ನಿನಿಂದ ನೆರವು ತರಿಸಿದರು. ಅವರಲ್ಲಿ ಹಲವರು 2023ರ ನವೆಂಬರ್ 19ರಂದು, ಬಡವರ ವಿಶ್ವದಿನದಂದು, ಜಗದ್ಗುರು ಫ್ರಾನ್ಸಿಸರು ಏರ್ಪಡಿಸಿದ ಊಟಕ್ಕೆ ಅತಿಥಿಗಳಾಗಿ ಬಂದರು. 2025ರಲ್ಲಿ ತೀರಿಕೊಂಡ ಆ ಜಗದ್ಗುರುಗಳ ಭಾವಚಿತ್ರ ನಮ್ಮ ಎಷ್ಟೋ ಸಭಾಂಗಣಗಳಲ್ಲಿದೆ. ನಮ್ಮಲ್ಲೇ ನೋಡುವುದಾದರೆ, ಜೋಗತಿ ಮಂಜಮ್ಮ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಟೀವಿಯಲ್ಲಿ ಅದನ್ನು ಕಂಡು ಚಪ್ಪಾಳೆ ತಟ್ಟಿದವರು ನಾವೂ ಹೌದು. ಪದ್ಮಶ್ರೀ ಇಲ್ಲದ ಮಂಜಮ್ಮಂದಿರು ಬಂದಾಗ ನಮ್ಮ ಕೈಗಳೇಕೆ ಜೇಬು ಸೇರುತ್ತವೆ?

ಗುರುಗಳಾದ ನಾವು ಇನ್ನೊಂದು ವಿಷಯವನ್ನು ಯೋಚಿಸಬೇಕು. ನಮಗೂ ಹೆಂಡತಿಯಿಲ್ಲ, ಮಕ್ಕಳಿಲ್ಲ. ನಾಳೆ ಕಾಲು ಸೋತಾಗ ಸಹಿ ಹಾಕಲು ಮಗನನ್ನು ಕರೆತನ್ನಿ ಎಂದು ಯಾರೂ ನಮಗೆ ಹೇಳುವುದಿಲ್ಲ. ಧರ್ಮಪ್ರಾಂತ್ಯ ನಮಗೆ ಕೋಣೆ ಕೊಡುತ್ತದೆ, ಧರ್ಮಭಗಿನಿಯರು ಗಂಜಿ ಕೊಡುತ್ತಾರೆ, ಸತ್ತರೆ ಧರ್ಮಾಧ್ಯಕ್ಷರೇ ಬರುತ್ತಾರೆ. ಮಕ್ಕಳಿಲ್ಲದ ಮುಪ್ಪಿಗೆ ಸಮುದಾಯವೇ ಮಕ್ಕಳಾಗಬಹುದೆಂಬುದಕ್ಕೆ ನಾವೇ ಸಾಕ್ಷಿಗಳು. ಆ ಭಾಗ್ಯವನ್ನು ನಮಗಷ್ಟೇ ಮೀಸಲಿಟ್ಟುಕೊಂಡವರೂ ನಾವೇ.

ಹಾಗಾದರೆ ಏನು ಮಾಡಬೇಕು? ನಮ್ಮ ಆಶ್ರಮಗಳ ನಮೂನೆಯಿಂದ ಮಗನ ಸಹಿಯ ಕಾಲಂ ತೆಗೆಯಬೇಕು. ಗೆಳತಿ, ಗೆಳೆಯ, ಚೇಲಾ ಯಾರೇ ಆಗಲಿ, ರೋಗಿ ತೋರಿಸಿದವರನ್ನು ಆಪ್ತರೆಂದು ಒಪ್ಪಬೇಕು. ಒಂದು ಕೋಣೆಯನ್ನಾದರೂ ಪ್ರತ್ಯೇಕವಾಗಿಡಬೇಕು, ಅದಕ್ಕೆ ಬೇಕಾದದ್ದು ಒಂದು ಗೋಡೆ ಮತ್ತು ಒಂದು ಶೌಚಾಲಯ. ನಮ್ಮ ದಾದಿಯರ ಶಾಲೆಗಳಲ್ಲಿ ಈ ದೇಹಗಳ ಆರೈಕೆಯನ್ನೂ ಕಲಿಸಬೇಕು. ಪರಮಪ್ರಸಾದವನ್ನು ರೋಗಿಗಳ ಮನೆಗೆ ಕೊಂಡೊಯ್ಯುವಾಗ ಬೀದಿಯ ಕೊನೆಯ ಆ ಬಾಡಿಗೆ ಕೋಣೆಯ ಮುಂದೆಯೂ ನಿಂತು ಯೋಗಕ್ಷೇಮ ವಿಚಾರಿಸಬೇಕು.

ಕೊನೆಗೆ ಸಮಾಧಿಯ ಮಾತು. ಹತ್ತಿರದ ಬಂಧುಗಳು ಸಿಗದಿದ್ದರೆ ಸಂಗಾತಿಯೇ ಮೃತದೇಹವನ್ನು ಪಡೆಯಲು ಅವಕಾಶವಿರಲೆಂದು ಕೇಂದ್ರ ಆರೋಗ್ಯ ಸಚಿವಾಲಯ 2024ರ ಆಗಸ್ಟ್‌ನಲ್ಲಿ ರಾಜ್ಯಗಳಿಗೆ ಪತ್ರ ಬರೆದಿದೆ. ದೇಹ ಕೈಗೆ ಬಂದರೂ ಎಲ್ಲಿ ಹೂಳುವುದೆಂಬ ಪ್ರಶ್ನೆ ಉಳಿಯುತ್ತದೆ. ಸ್ನಾನದೀಕ್ಷೆ ಪಡೆದು, ನಂತರ ನಮ್ಮ ಕಣ್ಣಿಗೆ ಅಂಜಿ ದೇವಾಲಯ ಬಿಟ್ಟವರು ಅವರಲ್ಲಿದ್ದಾರೆ. ನಮ್ಮ ಸ್ಮಶಾನದ ಗೇಟಿನ ಬೀಗದ ಕೈ ಧರ್ಮಕೇಂದ್ರದ ಗುರುವಿನ ಬಳಿಯೇ ಇರುತ್ತದೆ. ನಾನು ಅಕ್ಕಿ ಕೊಟ್ಟು ಕಳುಹಿಸಿದವರು ಆಮೇಲೆ ಎಲ್ಲಿ ತೀರಿಕೊಂಡರು, ಯಾರು ಮಣ್ಣು ಹಾಕಿದರು ಎಂದು ಭಾಲ್ಕಿಯಲ್ಲಿ ಎರಡು ಬಾರಿ ವಿಚಾರಿಸಿದೆ. ಹೇಳುವವರು ಯಾರೂ ಸಿಗಲಿಲ್ಲ.