ಹೊಸ್ತಿಲ ಕಾವಲು

ರಾಬರ್ಟ್‌ಸನ್‌ಪೇಟೆಯವರಾದ ನಮಗೆ ಉಸಿರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಗಣಿ 2001ರಲ್ಲಿಯೇ ಮುಚ್ಚಿತು. ಸೈನೈಡ್ ದಿಬ್ಬಗಳ ಧೂಳು ಮಾತ್ರ ಗಾಳಿಯ ದಿನಗಳಲ್ಲಿ ಇಂದಿಗೂ ಮನೆಯೊಳಕ್ಕೆ ಬರುತ್ತದೆ. ಕಲ್ಲಿನ ಧೂಳು ಕುಡಿದ ಎದೆಯಲ್ಲಿ ಕ್ಷಯವು ಬೇಗನೆ ಬೇರೂರುವುದೆಂಬುದನ್ನು ನಮ್ಮ ಗಣಿಯ ಹಿರಿಯರು ಬಲ್ಲರು.

“ಕೋವಿಡ್ ಸೂಜಿ ಚುಚ್ಚಿಸಿಕೊಂಡರೂ ಜ್ವರ ಬಂತಲ್ಲ, ಲಸಿಕೆಯೆಲ್ಲ ದಂಡ” ಎನ್ನುವ ಮಿತ್ರರು ನಮ್ಮಲ್ಲಿದ್ದಾರೆ. ಈ ಮಾತನ್ನು ನಾನು ಒಪ್ಪಲಾರೆ. ಮೂಗು ಗಂಟಲುಗಳ ಒಳಪೊರೆಯಲ್ಲಿ ಪ್ರಕೃತಿಯು ಬೇರೆಯೇ ಒಂದು ಕಾವಲನ್ನಿರಿಸಿದೆ. ಅಲ್ಲಿನ ಲೋಳೆಯಲ್ಲಿರುವ ‘ಐಜಿಎ’ ಎಂಬ ಪ್ರತಿಕಾಯವು ರೋಗಾಣುವನ್ನು ಹೊಸ್ತಿಲಲ್ಲಿಯೇ ಹಿಡಿಯುತ್ತದೆ. ತೋಳಿನ ಸೂಜಿಯು ರಕ್ತದಲ್ಲಿ ದೊಡ್ಡ ಸೈನ್ಯವನ್ನು ಕಟ್ಟುವುದಾದರೂ ಹೊಸ್ತಿಲಿಗೆ ಹೆಚ್ಚು ಜನರನ್ನು ಕಳುಹಿಸದು. ಆದುದರಿಂದಲೇ ಹಲವರಿಗೆ ಸೋಂಕು ತಗಲಿತು, ಆದರೆ ಪ್ರಾಣ ಉಳಿಯಿತು. ಪ್ರಾಣ ಉಳಿದುದು ದಂಡವೇ?

ಹಾಗೆಂದು ಹೊಸ್ತಿಲನ್ನು ಬರಿದಾಗಿ ಬಿಡಬಹುದೆಂದು ನನ್ನ ವಾದವಲ್ಲ. ಬಾಯಿಗೆ ಹಾಕಿದ ಪೋಲಿಯೋ ಹನಿಗಳು ಕರುಳಿನ ಬಾಗಿಲನ್ನೇ ಕಾದವು. 2011ರ ಜನವರಿಯ ಬಳಿಕ ನಮ್ಮ ದೇಶದಲ್ಲಿ ಸಹಜ ಪೋಲಿಯೋ ವೈರಾಣುವಿನ ರೋಗಿ ಕಂಡುಬಂದಿಲ್ಲ. ಮೂಗಿಗೂ ಅಂತಹ ಹನಿ ಬೇಡವೆ? ಹೈದರಾಬಾದಿನ ಭಾರತ್ ಬಯೋಟೆಕ್ 2023ರ ಜನವರಿ 26ರಂದು ‘ಇನ್ಕೋವ್ಯಾಕ್’ ಎಂಬ ಮೂಗಿನ ಹನಿಯನ್ನು ಹೊರತಂದಿತು. ಸೂಜಿಯಿಲ್ಲ, ನೋವಿಲ್ಲ (ನನ್ನಂಥ ಅಂಜುಬುರುಕರಿಗೆ ಅದೇ ಸಾಕು!). ಅದಕ್ಕೆ ಒಪ್ಪಿಗೆ ದೊರೆತುದು ಪ್ರತಿಕಾಯಗಳ ಅಳತೆಯ ಮೇಲೆ. ಒಬ್ಬರಿಂದೊಬ್ಬರಿಗೆ ಹರಡುವುದನ್ನು ಅದು ನಿಲ್ಲಿಸುವುದೆಂದು ರುಜುವಾತಾಗಿಲ್ಲ.

ರುಜುವಾತಾಗಬೇಕಾದರೆ ಪರೀಕ್ಷೆ ನಡೆಯಬೇಕು. ಶುದ್ಧ ಗಾಳಿಯ ಊರುಗಳಲ್ಲಿ ನಡೆದರೆ ಸಾಲದು. ಧೂಳು ತಿಂದು ಒಳಪೊರೆ ಸವೆದ ನಮ್ಮಂಥವರ ನಡುವೆಯೂ ನಡೆಯಬೇಕು. ಅಲ್ಲಿಯವರೆಗೆ ತೋಳು ಚಾಚಲು ನಾನು ಹಿಂಜರಿಯೆನು.