ನಮ್ಮ ಗಾಡಿ, ಪರದೇಶಿ ಗಾಡಿ: ಕಂತು ಕಟ್ಟುವವನ ಲೆಕ್ಕ ಬೇರೆ

ಬೆಳಗಿನ ಆರರ ಸುಮಾರಿಗೆ ಜಮಖಂಡಿ ಕಾಯಿಪಲ್ಯೆ ಮಾರ್ಕೆಟ್ಟಿನ ಬಾಯಿಗೆ ನಿಂತು ನೋಡಿರಿ. ಸಾಲುಹಿಡಿದು ನಿಂತ ಸಣ್ಣ ಗಾಡಿಗಳ ಮೂತಿಯ ಮೇಲೆ ಹೆಚ್ಚಾಗಿ ಮೂರೇ ಹೆಸರು: ಟಾಟಾ, ಮಹೀಂದ್ರ, ಲೇಲ್ಯಾಂಡ್. ನಡುವೆ ಎಲ್ಲೋ ಒಂದು ಸುಜುಕಿ. ಬನಹಟ್ಟಿಯ ಸೀರೆ ಗಂಟು, ಮಹಾಲಿಂಗಪುರದ ಬೆಲ್ಲ, ತೇರದಾಳದ ಅರಿಷಿಣ, ಬೀಳಗಿ ಕಡೆಯ ಉಳ್ಳಾಗಡ್ಡಿ, ಮುಧೋಳದ ಕಿರಾಣಿ ಅಂಗಡಿಗೆ ಬರುವ ಸಾಮಾನು, ಎಲ್ಲವೂ ಇವುಗಳ ಬೆನ್ನ ಮೇಲೆಯೇ ಓಡಾಡುತ್ತದೆ. ಬಾಗಲಕೋಟೆ–ಕುಡಚಿ ರೈಲು ಮಾರ್ಗ ಪೂರ್ತಿ ಆಗುವ ತನಕ ನಮ್ಮ ನಾಲ್ಕೂ ತಾಲೂಕಿನ ಸಣ್ಣ ವ್ಯಾಪಾರಕ್ಕೆ ಪಿಕಪ್ಪೇ ಗತಿ.

ಈ ಸಾಲು ನೋಡಿ ಚಹಾದಂಗಡಿಯ ಪಂಡಿತರು ಒಂದು ತೀರ್ಮಾನ ಕೊಡುತ್ತಾರೆ: "ನಮ್ಮ ಮಂದಿಗೆ ದೇಶಾಭಿಮಾನ ಭಾಳ ಐತ್ರೀ. ಪರದೇಶದ ಗಾಡಿ ಮುಟ್ಟೂದಿಲ್ಲ." ಕೇಳಲು ಹಿತವಾದ ಮಾತು. ಆದರೆ ನಿಜವೇ? ಒಂಬತ್ತು-ಹತ್ತು ಲಕ್ಷದ ಗಾಡಿಗೆ ನಾಲ್ಕು ವರ್ಷ ಕಂತು ಕಟ್ಟುವ ಮನುಷ್ಯ ಅಭಿಮಾನದ ಮೇಲೆ ಸಹಿ ಹಾಕುತ್ತಾನೆಯೇ? ಪ್ರಶ್ನೆ ಸಣ್ಣದಲ್ಲ. ತಪ್ಪು ಗಾಡಿ ಕೊಂಡವನಿಗೆ ಗಾಡಿಯೂ ಹೋಗುತ್ತದೆ, ಕೆಲವೊಮ್ಮೆ ಅದಕ್ಕೆ ಒತ್ತೆ ಇಟ್ಟ ಹೊಲವೂ ಹೋಗುತ್ತದೆ.

ಯಾವುದು ನಮ್ಮದು?

ಮೊದಲು ಈ 'ನಮ್ಮದು' ಎಂಬುದರ ಜಾತಕ ನೋಡೋಣ.

ಹಳೆಯ ಡ್ರೈವರುಗಳು ಇವತ್ತಿಗೂ ಟಾಟಾ ಲಾರಿಗೆ 'ಬೆಂಜ್' ಅನ್ನುವುದುಂಟು. ಸುಮ್ಮನೆ ಅಲ್ಲ. 1954ರಲ್ಲಿ ಟಾಟಾದವರು ಲಾರಿ ಕಟ್ಟಲು ಶುರು ಮಾಡಿದ್ದೇ ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯ ಕೈ ಹಿಡಿದು. ಆ ಕರಾರು 1969ರಲ್ಲಿ ಮುಗಿಯಿತು. ಮಹೀಂದ್ರದವರು 1947ರಲ್ಲಿ ಜೋಡಿಸತೊಡಗಿದ್ದು ಅಮೆರಿಕದ ವಿಲ್ಲಿಸ್ ಜೀಪು. ಅಶೋಕ್ ಮೋಟಾರ್ಸ್ 1948ರಲ್ಲಿ ಹುಟ್ಟಿತು, 1955ರಲ್ಲಿ ಇಂಗ್ಲೆಂಡಿನ ಲೇಲ್ಯಾಂಡ್ ಹೆಸರು ಸೇರಿಸಿಕೊಂಡಿತು. ಇಂಗ್ಲಿಷರ ಪಾಲು ಹಿಂದೂಜಾ ಮನೆತನದ ಕಡೆ ಬಂದದ್ದು 1987ರಲ್ಲಿ. ನಾವು ದಿನಕ್ಕೆ ಹತ್ತು ಸಲ ಆಡುವ 'ಟೆಂಪೊ' ಎಂಬ ಶಬ್ದವೇ ಒಂದು ಜರ್ಮನ್ ಗಾಡಿಯ ಹೆಸರು. 1958ರಲ್ಲಿ ಬಜಾಜ್ ಟೆಂಪೊ ಕಂಪನಿಯ ಜೊತೆ ಬಂದು ನಮ್ಮ ನಾಲಿಗೆಯ ಮೇಲೆ ಕೂತುಬಿಟ್ಟಿತು.

ಇನ್ನು ಮಾರುತಿ. ಹೆಸರು ಹನುಮಂತದೇವರದು, ಹೆಚ್ಚಿನ ಪಾಲು ಜಪಾನಿನ ಸುಜುಕಿಯದು. 2016ರಿಂದ ಅದರ ಸೂಪರ್ ಕ್ಯಾರಿ ಎಂಬ ಸಣ್ಣ ಸಾಮಾನು ಗಾಡಿ ಬಂದಿದೆ. ಕೊಂಡವರು ಯಾರೂ ಅದನ್ನು ಪರದೇಶಿ ಅನ್ನುವುದಿಲ್ಲ.

ಇನ್ನೊಂದು ತಮಾಷೆ ಕೇಳಿರಿ. ಪರದೇಶಿ ಎಂದು ನಾವು ಬೆರಳು ತೋರಿಸುವ ಟೊಯೋಟಾದ ಹೈಲಕ್ಸ್ ಪಿಕಪ್ಪನ್ನು ಜೋಡಿಸುವುದು ಬೆಂಗಳೂರಿನ ಪಕ್ಕದ ಬಿಡದಿಯಲ್ಲಿ, ನಮ್ಮದೇ ರಾಜ್ಯದಲ್ಲಿ. ನಮ್ಮದು ಎನ್ನುವ ಲೇಲ್ಯಾಂಡಿನ ದೋಸ್ತ್ ಬರುವುದು ತಮಿಳುನಾಡಿನ ಹೊಸೂರಿನಿಂದ. ಅದನ್ನು 2011ರಲ್ಲಿ ಹೊರತಂದಾಗ ಜೊತೆಗಿದ್ದವರು ಜಪಾನಿನ ನಿಸ್ಸಾನ್ ಮಂದಿ. ಹೀಗಿರುವಾಗ ಸ್ವದೇಶಿ-ಪರದೇಶಿ ಎಂದು ನಡುವೆ ಗೆರೆ ಕೊರೆಯುವವರು ಎಲ್ಲಿ ಕೊರೆಯುತ್ತಾರೆ?

ಜಪಾನಿಗಳು ಬಂದು ಸೋತ ಕಥೆ

ಪರದೇಶಿ ಸಣ್ಣ ಲಾರಿಗಳು ಬರಲೇ ಇಲ್ಲ ಎಂದಲ್ಲ. 1980ರ ದಶಕದಲ್ಲಿ ಒಂದರ ಹಿಂದೆ ಒಂದರಂತೆ ನಾಲ್ಕು ಬಂದವು: ಡಿಸಿಎಂ ಟೊಯೋಟಾ, ಸ್ವರಾಜ್ ಮಜ್ದಾ, ಆಲ್ವಿನ್ ನಿಸ್ಸಾನ್, ಐಷರ್ ಮಿತ್ಸುಬಿಷಿ. ನೋಡಲು ಚಂದ, ಓಡಿಸಲು ಹಗುರ. ಟಾಟಾದವರ ಕಥೆ ಮುಗಿಯಿತು ಎಂದು ಮಾತಾಡಿಕೊಂಡವರೂ ಇದ್ದರು.

1986ರಲ್ಲಿ ಟಾಟಾ 407 ಬಂತು. ಜಪಾನಿ ಗಾಡಿಯಷ್ಟು ನಯ ಇರಲಿಲ್ಲ. ಆದರೆ ಹೇರಿದಷ್ಟು ಹೊರುವ ಚಾಸಿ ಇತ್ತು, ಊರೂರಿಗೆ ಬಿಡಿಭಾಗ ಇತ್ತು, ಬಿಚ್ಚಿ ಕಟ್ಟಲು ಬರುವ ಮಿಸ್ತ್ರಿ ಇದ್ದ. ಕೆಲವೇ ವರ್ಷಗಳಲ್ಲಿ ಅದೇ ಮುಂದಾಯಿತು. ಡಿಸಿಎಂ ಟೊಯೋಟಾ ಮುಂದೆ ಕೊರಿಯಾದ ಡೇವೂ ಕೈಗೆ ಹೋಯಿತು, ಡೇವೂ ಕೂಡ ಉಳಿಯಲಿಲ್ಲ. ಆಲ್ವಿನ್ ನಿಸ್ಸಾನ್ ಮಹೀಂದ್ರದ ಹೊಟ್ಟೆ ಸೇರಿತು. ಸ್ವರಾಜ್ ಮಜ್ದಾ ಎಸ್‌ಎಂಎಲ್ ಇಸುಜು ಆಗಿ, 2025ರಲ್ಲಿ ಅದೂ ಮಹೀಂದ್ರದ ಕೈಗೆ ಬಂತು. ಐಷರ್ ಒಂದೇ ತನ್ನ ಹೆಸರಿನಲ್ಲಿ ಗಟ್ಟಿಯಾಗಿ ನಿಂತದ್ದು, ಅದೂ 2008ರಿಂದ ಸ್ವೀಡನ್ನಿನ ವೋಲ್ವೊ ಜೊತೆ ಕೂಡಿಕೊಂಡು.

2005ರಲ್ಲಿ ಟಾಟಾ ಏಸ್ ಬಂದಾಗಲೂ ಇದೇ ಲೆಕ್ಕ. ಎರಡು ಸಿಲಿಂಡರಿನ ಇಂಜಿನ್, ಮುಕ್ಕಾಲು ಟನ್ನಿನ ಹೊರೆ, ಮೂರು ಗಾಲಿಯ ಗಾಡಿಯವನಿಗೂ ಎಟುಕುವ ದರ. 'ಛೋಟಾ ಹಾಥಿ' ಎಂದು ಹೆಸರಾಯಿತು. ಅದಕ್ಕಿಂತ ಮೇಲಿನ ಹೊರೆಗೆ ಬೊಲೆರೊ ಪಿಕಪ್. ಮೂರೂವರೆ ಟನ್ನಿನೊಳಗಿನ ಸಾಮಾನು ಗಾಡಿಗಳಲ್ಲಿ ದೇಶದಲ್ಲೇ ಹೆಚ್ಚು ಮಾರುವವರು ಇಂದು ಮಹೀಂದ್ರದವರು.

ಇದಕ್ಕೆ ಎದುರಾಗಿ ಹೈಲಕ್ಸ್ ನೋಡಿರಿ. 2022ರಲ್ಲಿ ಬಂದಾಗ ಅದರ ಆರಂಭದ ದರವೇ 33.99 ಲಕ್ಷ. ನಮ್ಮ ಕಡೆಯ ಮೂರು ಪಿಕಪ್ಪಿನ ರೊಕ್ಕ. ಅದರಲ್ಲಿ ಟೊಮ್ಯಾಟೊ ಹೇರಿ ಲಾಭ ಮಾಡುವ ಪುಣ್ಯಾತ್ಮ ಇನ್ನೂ ಹುಟ್ಟಬೇಕು. ಅಂದಮೇಲೆ ನಮ್ಮವರು ಪರದೇಶಿ ಪಿಕಪ್ಪನ್ನು ಅಭಿಮಾನದಿಂದ ದೂರ ಇಟ್ಟರು ಎನ್ನುವುದು ಪೂರ್ತಿ ಸುಳ್ಳಲ್ಲದಿದ್ದರೂ ಅರ್ಧ ಸತ್ಯ. ನಮ್ಮ ಕಿಸೆಗೆ ತಕ್ಕ ಪರದೇಶಿ ಪಿಕಪ್ಪು ಬಂದದ್ದೇ ಕಡಿಮೆ.

ಅಭಿಮಾನದ ಹಿಂದೆ ತೆರಿಗೆಯ ಗೋಡೆಯೂ ಇರುತ್ತದೆ. ಅಮೆರಿಕದವರು ತಮ್ಮ ಫೋರ್ಡ್, ಶೆವರ್ಲೆ ಪಿಕಪ್ಪುಗಳ ಬಗ್ಗೆ ಎದೆ ತಟ್ಟಿಕೊಳ್ಳುತ್ತಾರೆ. 1964ರಲ್ಲಿ ಅಲ್ಲಿನ ಸರಕಾರ ಹೊರಗಿನ ಸಣ್ಣ ಟ್ರಕ್ಕಿನ ಮೇಲೆ ಶೇಕಡಾ 25 ಸುಂಕ ಹಾಕಿತು. ಜಗಳ ಶುರುವಾದದ್ದು ಕೋಳಿಯ ಮೇಲೆ: ಯುರೋಪಿನವರು ಅಮೆರಿಕದ ಕೋಳಿಗೆ ಸುಂಕ ಏರಿಸಿದರು, ಅಮೆರಿಕದವರು ಟ್ರಕ್ಕಿಗೆ ಏರಿಸಿ ಸೇಡು ತೀರಿಸಿಕೊಂಡರು. ಕೋಳಿಯ ಜಗಳ ಮುಗಿದು ಕಾಲವಾಯಿತು, ಗೋಡೆ ನಿಂತೇ ಇದೆ. ಗೋಡೆಯೊಳಗೆ ಬೆಳೆದ ಪ್ರೀತಿಗೆ ದೇಶಭಕ್ತಿ ಎಂದು ಹೆಸರು.

ನಿಷ್ಠೆ ಇರುವುದು ಮಿಸ್ತ್ರಿಯ ಮೇಲೆ

ಹಾಗಾದರೆ ನಮ್ಮವರ ನಿಷ್ಠೆ ಯಾರ ಮೇಲೆ? ಈ ಅಂಕಣಕಾರನ ಮಟ್ಟಿಗೆ ಉತ್ತರ ಸ್ಪಷ್ಟ: ಗ್ಯಾರೇಜಿನ ಮಿಸ್ತ್ರಿಯ ಮೇಲೆ.

ಬೀಳಗಿ ದಾರಿಯಲ್ಲಿ ರಾತ್ರಿ ಹನ್ನೊಂದಕ್ಕೆ ಗಾಡಿ ನಿಂತರೆ ಫೋನು ಹೋಗುವುದು ಪುಣೆಗೂ ಅಲ್ಲ, ಮುಂಬೈಗೂ ಅಲ್ಲ, ಜಪಾನಿಗಂತೂ ಅಲ್ಲ. "ಅಣ್ಣಾ, ಸ್ವಲ್ಪ ಬಾರಪ್ಪಾ" ಎಂದರೆ ಸೈಕಲ್ ಮೋಟಾರಿನ ಮೇಲೆ ಪಾನಾ ಕಟ್ಟಿಕೊಂಡು ಬರುವ ಮನುಷ್ಯನಿಗೆ. ಅವನು ಯಾವ ಗಾಡಿ ಚಲೋ ಎನ್ನುತ್ತಾನೋ ಅದೇ ಚಲೋ. ಹಳೆಯ ಗಾಡಿಗೆ ಮರುಮಾರಾಟದಲ್ಲಿ ದರ ಬರುವುದೂ ಅವನ ಮಾತಿನ ಮೇಲೆಯೇ.

ಈ ನಂಬಿಕೆಗೆ ಕಾರಣವೂ ಇದೆ. ಜನರಲ್ ಮೋಟಾರ್ಸ್ 2017ರ ಕೊನೆಗೆ ನಮ್ಮ ದೇಶದಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ ಇಲ್ಲಿ ಗಾಡಿ ಕಟ್ಟುವುದು ಬಿಡುತ್ತೇವೆ ಎಂದು ಹೇಳಿತು. ಬಿಟ್ಟು ಹೋಗುವವನ ಗಾಡಿ ಕೊಂಡವನ ಪಾಡು ಏನು? ಆದರೆ ಸ್ವದೇಶಿ ಎಂದ ಮಾತ್ರಕ್ಕೆ ಶಾಶ್ವತ ಎಂದೂ ತಿಳಿಯಬೇಡಿರಿ. ಸರಕಾರದ್ದೇ ಆದ ಎಚ್‌ಎಂಟಿ ಟ್ರ್ಯಾಕ್ಟರ್ ಏನಾಯಿತು? 2016ರಲ್ಲಿ ಕೇಂದ್ರ ಸರಕಾರವೇ ಬಾಗಿಲು ಹಾಕಲು ಒಪ್ಪಿಗೆ ಕೊಟ್ಟಿತು.

ಪಾನಾದ ಕಾಲ ಹೋಗಿ ಸ್ಕ್ಯಾನರಿನ ಕಾಲ

ಈಗ ಮಾತಿನ ಮರ್ಮಕ್ಕೆ ಬರೋಣ. ಆ ಮಿಸ್ತ್ರಿಯ ಕಾಲಡಿಯ ನೆಲವೇ ಸರಿಯುತ್ತಿದೆ.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು. ಹೊಗೆ ಕಡಿಮೆ ಆಯಿತು, ಒಳ್ಳೆಯದೇ. ಆದರೆ ಡೀಸೆಲ್ ಗಾಡಿಯ ಸೈಲೆನ್ಸರಿನ ದಾರಿಯಲ್ಲಿ ಮಸಿ ಸೋಸುವ ಫಿಲ್ಟರ್ ಕೂತಿತು, ಇಂಜಿನ್ನಿನ ಸುತ್ತ ಸೆನ್ಸರುಗಳು ಕೂತವು. ಊರೊಳಗೆ ನಿಧಾನಕ್ಕೆ ನಿಂತು ನಿಂತು ಓಡುವ ಗಾಡಿಯಲ್ಲಿ ಆ ಫಿಲ್ಟರಿಗೆ ಮಸಿ ಕಟ್ಟಿಕೊಳ್ಳುತ್ತದೆ, ಮುಂದೆ ದೀಪ ಹತ್ತುತ್ತದೆ. ಆ ದೀಪದ ಭಾಷೆ ಪಾನಾಕ್ಕೆ ತಿಳಿಯುವುದಿಲ್ಲ, ಸ್ಕ್ಯಾನರ್ ಬೇಕು. ಸ್ಕ್ಯಾನರ್ ಇಲ್ಲದ ಮಿಸ್ತ್ರಿ "ಶೋರೂಮಿಗೆ ಒಯ್ಯಿರಿ" ಎಂದು ಕೈ ಮುಗಿಯುತ್ತಾನೆ. ಇನ್ನು ಬ್ಯಾಟರಿಯ ಸಾಮಾನು ಗಾಡಿಗಳೂ ಬಂದಿವೆ. ಅವುಗಳ ಬ್ಯಾಟರಿಯ ಸೆಲ್ಲುಗಳಲ್ಲಿ ಹೆಚ್ಚಿನವು ಚೀನಾದ ಕಡೆಯವು. 2025ರ ಏಪ್ರಿಲ್‌ನಲ್ಲಿ ಚೀನಾ ಮೋಟಾರಿಗೆ ಬೇಕಾದ ಅಯಸ್ಕಾಂತದ ರಫ್ತನ್ನು ಬಿಗಿ ಮಾಡಿದಾಗ ನಮ್ಮ ಸ್ವದೇಶಿ ಕಂಪನಿಗಳೇ ತಲೆಯ ಮೇಲೆ ಕೈ ಹೊತ್ತು ಕೂತವು. ಮೂತಿಯ ಮೇಲೆ ಯಾವ ಹೆಸರಿದ್ದರೇನು?

ಅಂದರೆ ಇಷ್ಟು ವರ್ಷ ನಮ್ಮ ನಿಷ್ಠೆಯನ್ನು ಹಿಡಿದು ನಿಲ್ಲಿಸಿದ್ದ ಕಂಬವೇ ಅಲುಗುತ್ತಿದೆ. ಗಾಡಿ ಎರಡು ದಿನ ನಿಂತರೆ ಎರಡು ದಿನದ ಬಾಡಿಗೆ ಹೋಯಿತು, ಕಂತು ಮಾತ್ರ ನಿಲ್ಲುವುದಿಲ್ಲ. ಅದರಲ್ಲೂ ನಮ್ಮ ಸೀಮೆಯ ಬಾಡಿಗೆ ಎಲ್ಲವೂ ಕಬ್ಬಿನ ಬಿಲ್ಲಿಗೆ ಕಟ್ಟಿಕೊಂಡದ್ದು. ಕಬ್ಬು ಕಳಿಸಿದ 14 ದಿನದೊಳಗೆ ರೊಕ್ಕ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಕಾಗದದ ಮೇಲಿನ 14 ದಿನ ಎಷ್ಟು ಉದ್ದ ಎಂಬುದನ್ನು ಮುಧೋಳದ ರೈತರನ್ನೇ ಕೇಳಬೇಕು. 2025ರ ನವೆಂಬರ್‌ನಲ್ಲಿ ಕಬ್ಬಿನ ದರಕ್ಕಾಗಿ ಅವರು ರಸ್ತೆಗಿಳಿದದ್ದು ಎಲ್ಲರಿಗೂ ನೆನಪಿದೆ. ಬಿಲ್ಲು ತಡವಾದರೆ ಪೇಟೆ ತಣ್ಣಗೆ, ಪೇಟೆ ತಣ್ಣಗಾದರೆ ಪಿಕಪ್ಪು ಮರದ ನೆರಳಿಗೆ. ಮಗ್ಗ ಬಿಟ್ಟು ಸ್ಟೇರಿಂಗ್ ಹಿಡಿದ ರಬಕವಿ-ಬನಹಟ್ಟಿಯ ಹುಡುಗನಿಗೆ ಇದು ಜೀವನ್ಮರಣದ ಪ್ರಶ್ನೆ.

ಕೇಳಬೇಕಾದ ಪ್ರಶ್ನೆಗಳು

ಹಾಗಾಗಿ ಗಾಡಿ ಕೊಳ್ಳುವವರು ಸ್ವದೇಶಿಯೋ ಪರದೇಶಿಯೋ ಎಂಬುದನ್ನು ಬದಿಗಿಟ್ಟು ಮಾರುವವನನ್ನು ನಾಲ್ಕು ಮಾತು ಕೇಳಲಿ.

ಒಂದು: ದೀಪ ಹತ್ತಿದರೆ ನೋಡುವ ಜಾಗ ನಮ್ಮ ತಾಲೂಕಿನಲ್ಲಿ ಇದೆಯೋ, ಇಲ್ಲ ಬಾಗಲಕೋಟೆ-ಬೆಳಗಾವಿಗೆ ಎಳೆದೊಯ್ಯಬೇಕೋ? ಎರಡು: ಬಿಡಿಭಾಗ ಎಷ್ಟು ದಿನಕ್ಕೆ ಸಿಗುತ್ತದೆ, ಬರೆದು ಕೊಡುತ್ತೀರಾ? ಮೂರು: ಸಾಲದ ಕರಾರು ಕನ್ನಡದಲ್ಲಿ ಇದೆಯೇ? ಕಂತು ತಪ್ಪಿದರೆ ಗಾಡಿ ಜಪ್ತಿ ಮಾಡುವ ಮೊದಲು ನೋಟೀಸು ಎಂದು ಬರುತ್ತದೆ? ನಾಲ್ಕು: ನಮ್ಮ ಊರಿನ ಮಿಸ್ತ್ರಿಗೆ ಈ ಗಾಡಿಯ ತರಬೇತಿ ಕೊಡುತ್ತೀರಾ?

ಅಂಗಡಿಕಾರರಿಗೆ ಇನ್ನೆರಡು ಮಾತು. 2025ರ ಸೆಪ್ಟೆಂಬರ್ 22ರಿಂದ ಸಾಮಾನು ಸಾಗಿಸುವ ಗಾಡಿಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಎಲ್ಲ ಕಂಪನಿಗೂ ಒಂದೇ. ಮಾಮೂಲು ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ ಅಂಗಡಿಯ ಸಾಮಾನು ಸಾಗಿಸಲು ಗಾಡಿ ಕೊಂಡರೆ ಕಟ್ಟಿದ ತೆರಿಗೆಯನ್ನು ಲೆಕ್ಕದಲ್ಲಿ ಮುರಿದುಕೊಳ್ಳಬಹುದು, ಕಾಂಪೊಸಿಷನ್‌ನಲ್ಲಿ ಇರುವವರಿಗೆ ಆ ಅವಕಾಶ ಇಲ್ಲ. ಎರಡನೆಯದು, ಕಂತು ಮುಗಿದ ದಿನವೇ ಸಾಲ ಕೊಟ್ಟವರಿಂದ ಎನ್‌ಒಸಿ ಮತ್ತು 35ನೇ ನಮೂನೆ ಪಡೆದು ಜಮಖಂಡಿ ಆರ್‌ಟಿಓದಲ್ಲಿ ಆರ್‌ಸಿ ಮೇಲಿನ ಸಾಲ ತೆಗೆಸಿರಿ. ಅದನ್ನು ಮರೆತವರು ಗಾಡಿ ಮಾರುವ ಹೊತ್ತಿಗೆ ಅಲೆದಾಡುತ್ತಾರೆ.

ದೇಶಾಭಿಮಾನ ಬೇಡವೆಂದು ನಾವು ಹೇಳುವುದಿಲ್ಲ. ಟಾಟಾದವರ ಕಾರ್ಖಾನೆ ಧಾರವಾಡದಲ್ಲಿದೆ, ಟೊಯೋಟಾದ್ದು ಬಿಡದಿಯಲ್ಲಿದೆ, ಎರಡರಲ್ಲೂ ದುಡಿಯುವವರು ನಮ್ಮ ಮಂದಿಯೇ. ಆದರೆ ಅಭಿಮಾನ ಒಂದೇ ಕಡೆ ಹರಿಯುವ ಕಾಲುವೆ ಆಗಬಾರದು. ಕೆಎ 48 ನಂಬರಿನ ಗಾಡಿಯವನು ಕಂಪನಿಗೆ ನಾಲ್ಕು ವರ್ಷ ನಿಷ್ಠೆಯಿಂದ ಕಂತು ಕಟ್ಟುತ್ತಾನೆ. ಕಂಪನಿ ಕೆಎ 48ಕ್ಕೆ ಎಷ್ಟು ನಿಷ್ಠೆ ಇಟ್ಟಿದೆ? ಒಂದು ಸ್ಕ್ಯಾನರ್, ಒಬ್ಬ ತಿಳಿದ ಮಿಸ್ತ್ರಿ, ಒಂದು ಬಿಡಿಭಾಗದ ಅಂಗಡಿಯಷ್ಟಾದರೂ?

ಈ ಪ್ರಶ್ನೆಗೆ ಯಾರು ಮೊದಲು ಸರಿಯಾದ ಉತ್ತರ ಕೊಡುತ್ತಾರೋ, ನಾಳೆಯ ಮಾರ್ಕೆಟ್ಟಿನ ಸಾಲಿನಲ್ಲಿ ಅವರ ಹೆಸರೇ ಮುಂದೆ ನಿಲ್ಲುತ್ತದೆ. ಅವರು ಪುಣೆಯವರೇ ಇರಲಿ, ಜಪಾನಿನವರೇ ಇರಲಿ, ನಮ್ಮ ಉಳ್ಳಾಗಡ್ಡಿ ಹೊತ್ತಿಗೆ ಸರಿಯಾಗಿ ಪೇಟೆ ಮುಟ್ಟಿದರೆ ಸಾಕು.