ವಾಣಿಜ್ಯ ಸಂಸ್ಥೆಯೂ ವರ್ತಕನ ವ್ರತವೂ

ವಾಣಿಜ್ಯ ಸಂಸ್ಥೆಗಳ ಚರಿತ್ರೆಯನ್ನು ತಿಳಿಯಲೆಂದು ಅವುಗಳ ಸ್ಮರಣ ಸಂಚಿಕೆಗಳನ್ನು ತೆರೆದವರಿಗೆ ಸಾಮಾನ್ಯವಾಗಿ ದೊರೆಯುವುದು ಅಧ್ಯಕ್ಷರ ಭಾವಚಿತ್ರಗಳು, ಮಂತ್ರಿಗಳ ಶುಭಸಂದೇಶಗಳು ಮತ್ತು ಸರಕಾರಕ್ಕೆ ಸಲ್ಲಿಸಿದ ಮನವಿಗಳ ಪಟ್ಟಿ. ತೆರಿಗೆ ಇಳಿಸಿರಿ, ರಸ್ತೆ ಅಗಲಿಸಿರಿ, ರೈಲು ಕೊಡಿರಿ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಸಂಸ್ಥೆಯು ತನ್ನ ಸದಸ್ಯನೊಬ್ಬನನ್ನು ಕರೆದು ‘ನಿನ್ನ ತೂಕ ಸರಿಯಿಲ್ಲ’ ಎಂದು ತಿದ್ದಿದ ಸಂಗತಿ ಆ ಪುಟಗಳಲ್ಲಿ ಕಾಣಸಿಗುವುದು ಬಹಳ ಅಪರೂಪ. ಬೇಡುವುದಕ್ಕೆ ಮಾತ್ರ ಒಗ್ಗೂಡುವ ವರ್ತಕ ಸಂಘವು ತನ್ನ ಧರ್ಮದ ಅರ್ಧಭಾಗವನ್ನು ಮರೆತಿದೆ ಎಂಬುದೇ ನನ್ನ ವಾದ.

ಈ ಮರೆವು ಬಂದ ದಾರಿಯನ್ನು ಚರಿತ್ರೆಯೇ ತೋರಿಸುತ್ತದೆ. ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ 1599ರಲ್ಲಿ ಮೊದಲ ವಾಣಿಜ್ಯ ಸಂಸ್ಥೆ ಹುಟ್ಟಿತು. ಮುಂಬಯಿಯಲ್ಲಿ 1836ರಲ್ಲಿ ಅಂಥದೊಂದು ಸ್ಥಾಪನೆಯಾದಾಗ ಅದರ ಹಿಡಿತ ಬಹುಮಟ್ಟಿಗೆ ಆಂಗ್ಲ ವರ್ತಕರ ಕೈಯಲ್ಲಿತ್ತು. ಆದುದರಿಂದಲೇ 1907ರಲ್ಲಿ ಭಾರತೀಯ ವರ್ತಕರು ಅಲ್ಲಿ ತಮ್ಮದೇ ಸಂಸ್ಥೆಯನ್ನು ಕಟ್ಟಿಕೊಂಡರು. 1916ರಲ್ಲಿ ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಬೆಂಗಳೂರಿನಲ್ಲಿ ಮೈಸೂರು ವಾಣಿಜ್ಯ ಸಂಸ್ಥೆ ಆರಂಭವಾಯಿತು. ಇಂದಿನ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯ ಬೇರು ಅದರಲ್ಲಿದೆ. 1927ರಲ್ಲಿ ಘನಶ್ಯಾಮದಾಸ ಬಿರ್ಲಾ, ಪುರುಷೋತ್ತಮದಾಸ ಠಾಕೂರದಾಸ್ ಮೊದಲಾದವರು ಅಖಿಲ ಭಾರತ ಒಕ್ಕೂಟವನ್ನು ಕಟ್ಟಿದರು. ನಮ್ಮ ಮಂಗಳೂರಿನಲ್ಲಿ ಕೆನರಾ ಚೇಂಬರ್ ಆಫ್ ಕಾಮರ್ಸ್ ಸ್ಥಾಪನೆಯಾದದ್ದು 1940ರಲ್ಲಿ. ಆಗ ದಕ್ಷಿಣ ಕನ್ನಡವು ಮದ್ರಾಸು ಪ್ರಾಂತ್ಯದ ಒಂದು ಮೂಲೆಯ ಜಿಲ್ಲೆ. ಹಂಚು, ಗೋಡಂಬಿ, ಕಾಫಿಗಳ ವರ್ತಕರ ಮಾತು ದೂರದ ಮದ್ರಾಸಿಗೆ ಮುಟ್ಟಬೇಕಾದರೆ ಒಟ್ಟು ಧ್ವನಿಯೊಂದು ಅಗತ್ಯವಾಗಿತ್ತು.

ಪರರ ಆಳ್ವಿಕೆಯಲ್ಲಿ ಮನವಿಪತ್ರವೇ ವರ್ತಕರ ಆಯುಧವಾಗಿದ್ದುದು ಸಹಜ. 1947ರ ತರುವಾಯ ಆಳುವವರು ಬದಲಾದರು. ನಮ್ಮ ವರ್ತಕ ಸಂಘಗಳ ಅಭ್ಯಾಸ ಬದಲಾಗಲಿಲ್ಲ.

ವರ್ತಕರ ಸಂಘಟನೆಯೇ ಪಶ್ಚಿಮದಿಂದ ಬಂದುದೆಂದು ಭಾವಿಸುವುದೂ ಸರಿಯಲ್ಲ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರ ಸಂಘವು ಕರ್ನಾಟಕ, ತಮಿಳುನಾಡುಗಳನ್ನು ದಾಟಿ ಕಡಲಾಚೆಗೂ ಹಬ್ಬಿತ್ತು. ಸುಮಾತ್ರಾ ದ್ವೀಪದಲ್ಲಿ ಅವರ 1088ರ ತಮಿಳು ಶಾಸನ ದೊರೆತಿದೆ. ತಮ್ಮ ನಡವಳಿಯನ್ನು ಅವರು ‘ಬಣಂಜು ಧರ್ಮ’ವೆಂದು ಕರೆದರು. 12ನೆಯ ಶತಮಾನದ ತೇರದಾಳದ ಶಾಸನವನ್ನು ನೋಡಿರಿ: ಅಲ್ಲಿಯ ನೇಮಿನಾಥ ಬಸದಿಗೆ ಈ ವರ್ತಕರು ತಾವು ಮಾರುವ ಸರಕಿನ ಮೇಲೆ ತಾವೇ ಆಯ ಗೊತ್ತುಮಾಡಿ ಕೊಟ್ಟರು. ಅರಸನಿಂದ ಸುಂಕದ ರಿಯಾಯಿತಿ ಬೇಡುವುದು ಒಂದು. ತನ್ನ ಗಳಿಕೆಯ ಮೇಲೆ ತಾನೇ ಕಟ್ಟಳೆ ಹಾಕಿಕೊಂಡು ಅದನ್ನು ಕಲ್ಲಿನಲ್ಲಿ ಕೆತ್ತಿಸಿ ಊರಿಗೆಲ್ಲ ಸಾರುವುದು ಇನ್ನೊಂದು. ನಮ್ಮ ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯು ಅರಸರ ಆಶ್ರಯದ ಜೊತೆಗೆ ಸೆಟ್ಟಿಗಳ ಕೊಡುಗೆಯಿಂದಲೂ ಎದ್ದು ನಿಂತುದು. ಘಟ್ಟದ ಸರಕನ್ನು ದೋಣಿಗೇರಿಸಿ ನೇತ್ರಾವತಿಯಲ್ಲಿ ಮಂಗಳೂರಿಗೆ ಕಳುಹಿಸುತ್ತಿದ್ದ ಬಂಟ್ವಾಳ ಪೇಟೆ ಬೆಳೆದುದೂ ವರ್ತಕನ ಬಾಯಿಮಾತಿನ ಬಲದಿಂದಲೇ.

ಇಂದಿನ ವಾಣಿಜ್ಯ ಸಂಸ್ಥೆಗಳಲ್ಲಿಯೂ ಈ ಧರ್ಮದ ಎರಡು ಕುರುಹುಗಳು ಉಳಿದಿವೆ. ರಫ್ತಾಗುವ ಸರಕು ಯಾವ ದೇಶದ್ದೆಂದು ಸಂಸ್ಥೆಯು ತನ್ನ ಮುದ್ರೆಯೊತ್ತಿ ಪ್ರಮಾಣಪತ್ರ ಕೊಡುತ್ತದೆ. ಇದು ಸಾಕ್ಷಿ ನುಡಿಯುವ ಕಾರ್ಯ. ವರ್ತಕರೊಳಗಿನ ವ್ಯಾಜ್ಯಕ್ಕೆ ಪಂಚಾಯತಿ ನಡೆಸುವ ಪದ್ಧತಿಯೂ ಅನೇಕ ಸಂಸ್ಥೆಗಳಲ್ಲಿದೆ. ಇದು ನ್ಯಾಯ ಹೇಳುವ ಕಾರ್ಯ. ಸಾಕ್ಷಿಯೂ ನ್ಯಾಯವೂ ನಿಲ್ಲುವುದು ಸತ್ಯದ ಮೇಲೆ. ತನ್ನ ಸದಸ್ಯರ ಸುಳ್ಳಿಗೆ ಮೌನವಾಗಿರುವ ಸಂಘದ ಮುದ್ರೆಗೆ ಯಾವ ಬೆಲೆ?

ಶ್ರಾವಕನಿಗೆ ಇದು ಹೊಸ ಪಾಠವಲ್ಲ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತಕ್ಕೆ ಹೇಳಿದ ಅತಿಚಾರಗಳನ್ನು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಓದಬೇಕು. ಕಳ್ಳಮಾಲು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರುವುದು, ಕೊಳ್ಳುವಾಗ ಒಂದು ತೂಕ ಮಾರುವಾಗ ಇನ್ನೊಂದು ತೂಕ, ಒಳ್ಳೆಯದರಲ್ಲಿ ಅದರಂತೆ ತೋರುವ ಕೀಳನ್ನು ಬೆರೆಸುವುದು: ಇವೆಲ್ಲವೂ ಅಲ್ಲಿವೆ. ಹಳತು ಅಡಿಕೆಯ ಚೀಲಕ್ಕೆ ಹೊಸತನ್ನು ಸೇರಿಸುವುದು, ಕಾಳುಮೆಣಸಿಗೆ ಪಪ್ಪಾಯಿ ಬೀಜ ಬೆರೆಸುವುದು ಪ್ರತಿರೂಪಕ ವ್ಯವಹಾರವಲ್ಲದೆ ಮತ್ತೇನು? ಎರಡು ಲೆಕ್ಕದ ಪುಸ್ತಕ ಇಡುವುದು ಸತ್ಯಾಣುವ್ರತದ ಅತಿಚಾರವಾದ ಕೂಟಲೇಖಕ್ರಿಯೆಯೇ ಹೌದು. ‘ವ್ಯಾಪಾರ ಬೇರೆ, ಧರ್ಮ ಬೇರೆ’ ಎನ್ನುವ ನಮ್ಮ ಬಾಂಧವರು ಯಾವ ಶಾಸ್ತ್ರವನ್ನು ಓದಿ ಹಾಗೆನ್ನುತ್ತಾರೋ ತಿಳಿಯದು.

ಇದಕ್ಕೆಲ್ಲ ಸರಕಾರದ ಕಾನೂನಿದೆಯಲ್ಲ, ಸಂಘಕ್ಕೇಕೆ ಈ ತೊಡಕು ಎನ್ನುವವರಿದ್ದಾರೆ. 2009ರ ತೂಕ ಅಳತೆಯ ಕಾಯಿದೆಯೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಇರುವುದು ನಿಜ. ಆದರೆ ಅಧಿಕಾರಿಯು ತಕ್ಕಡಿಯನ್ನು ಪರೀಕ್ಷಿಸುವುದು ಎಂದೋ ಒಂದು ದಿನ. ನೆರೆಯ ಅಂಗಡಿಯವನು ಅದನ್ನು ದಿನವೂ ಕಾಣುತ್ತಾನೆ. ಒಬ್ಬನನ್ನು ತಿದ್ದಹೊರಟರೆ ಸಂಘವೇ ಒಡೆದೀತೆಂಬ ಭಯವನ್ನೂ ಕೇಳಿದ್ದೇನೆ. ಆ ಭಯ ಸುಳ್ಳಲ್ಲ. ತಿದ್ದಿಸಿಕೊಂಡವನು ಮುನಿದು ಹೊರನಡೆದಾನು. ಆದರೆ ತಿದ್ದದೆ ಬಿಟ್ಟರೆ ಗಿರಾಕಿಯೇ ಹೊರನಡೆಯುತ್ತಾನೆ. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದಾಗ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೋ ಸಹಕಾರಿಯನ್ನು ಕಟ್ಟಿಕೊಂಡರು. ಪೇಟೆಯ ಮಾತನ್ನೇ ನೆಚ್ಚಿ ಕುಳಿತಿರಲು ಅವರು ಸಿದ್ಧರಿರಲಿಲ್ಲ ಎಂಬುದನ್ನು ನಾವು ವರ್ತಕರು ಮರೆಯಬಾರದು.

ಕೊನೆಯದಾಗಿ ಬಸದಿಗಳ ವಿಶ್ವಸ್ತ ಮಂಡಲಿಗಳಿಗೆ ಒಂದು ಮಾತು. 1949ರಲ್ಲಿ ಅಹಮದಾಬಾದಿನಲ್ಲಿ ಗುಜರಾತ್ ವಾಣಿಜ್ಯ ಸಂಸ್ಥೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಕಸ್ತೂರಭಾಯಿ ಲಾಲಭಾಯಿ ಅವರು ದಶಕಗಳ ಕಾಲ ಆನಂದಜಿ ಕಲ್ಯಾಣಜಿ ಪೇಢಿಯನ್ನೂ ನಡೆಸಿದರು. ರಾಣಕಪುರದ ಜೀರ್ಣೋದ್ಧಾರ ಅವರ ನೇತೃತ್ವದ್ದು. ನಮ್ಮಲ್ಲಿಯೂ ಅಂಗಡಿಯ ಗಾದಿ, ಸಂಘದ ಪೀಠ, ಬಸದಿಯ ಆಡಳಿತ ಈ ಮೂರೂ ಎಷ್ಟೋ ಕಡೆ ಒಬ್ಬರ ಕೈಯಲ್ಲಿಯೇ ಇರುತ್ತವೆ. ಆದುದರಿಂದ ಒಂದು ಕಡೆಯ ಅಶುದ್ಧಿ ಮೂರನ್ನೂ ಮುಟ್ಟುತ್ತದೆ. ತಪ್ಪು ತೂಕದ ಹಣ ಪಂಚಕಲ್ಯಾಣದ ಬೋಲಿಯಲ್ಲಿ ಕೂಗಿಕೊಂಡ ಮಾತ್ರಕ್ಕೆ ನ್ಯಾಯೋಪಾರ್ಜಿತ ದ್ರವ್ಯವಾಗದು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ವರ್ತಕ ಸಂಘಗಳಲ್ಲಿರುವ ನಮ್ಮ ಬಾಂಧವರು ಮೂರು ಕೆಲಸಗಳನ್ನು ಕೈಗೊಳ್ಳಬೇಕು. ತೂಕ ಮತ್ತು ಕಲಬೆರಕೆಯ ದೂರು ಕೇಳಲು ಪ್ರತಿ ಸಂಘದಲ್ಲಿಯೂ ಐವರ ಪಂಚಾಯತಿ ಇರಲಿ. ಅದರಲ್ಲಿ ಒಬ್ಬ ಬೆಳೆಗಾರನಿಗೂ ಒಬ್ಬ ಗ್ರಾಹಕನಿಗೂ ಸ್ಥಾನವಿರಲಿ. ಅದರ ತೀರ್ಮಾನಗಳನ್ನು ವಾರ್ಷಿಕ ಸಭೆಯಲ್ಲಿ ಓದಲಿ. ಮೂರನೆಯದಾಗಿ, ಆ ಪಂಚಾಯತಿಯಲ್ಲಿ ತಪ್ಪಿತಸ್ಥನೆನಿಸಿ ತಿದ್ದಿಕೊಳ್ಳದವನಿಗೆ ಬಸದಿಯ ಆಡಳಿತದಲ್ಲಿ ಸ್ಥಾನ ಕೊಡದಿರಲಿ. ಮಂಡಲಿಯು ತನ್ನ ಲೆಕ್ಕವನ್ನೂ ವರ್ಷಕ್ಕೊಮ್ಮೆ ಶ್ರಾವಕರೆದುರು ಮಂಡಿಸಲಿ. ಇದಕ್ಕೆ ಸರಕಾರದ ಅಪ್ಪಣೆ ಬೇಕಿಲ್ಲ, ಯಾವ ಮಂತ್ರಿಗೂ ಮನವಿ ಕೊಡಬೇಕಾಗಿಲ್ಲ. ಮುಂದಿನ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಒಬ್ಬ ಸದಸ್ಯ ಇದನ್ನು ಬರೆಯಿಸಿದರೆ ಸಾಕು, ಆರಂಭವಾದಂತೆಯೇ.